ಇಕ್ಕೇರಿಯ ಅಂಗಳದಲ್ಲಿ ಇಪ್ಪತ್ತು ನಿಮಿಷ

ಮಳೆಗಾಲ ಹಿಡಿದ ಮೇಲಿನ ಯಾವುದಾದರೊಂದು ಭಾನುವಾರ, ಬೆಳಿಗ್ಗೆ ಹತ್ತರ ಸುಮಾರಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದೆ ನಿಂತವರಿಗೆ ಈ ದೃಶ್ಯ ಹೊಸದಲ್ಲ. ಸಾಗರದ ಕಡೆಯಿಂದ ಮೊದಲು ಸದ್ದು ಬರುತ್ತದೆ, ಆಮೇಲೆ ಬೈಕುಗಳು ಬರುತ್ತವೆ. ಹತ್ತೋ ಹದಿನೈದೋ ಇರುತ್ತವೆ. ಸವಾರರ ಮೈಮೇಲೆ ದಪ್ಪ ಅಂಗಿ, ಮೊಣಕಾಲಿಗೆ ಕವಚ, ಕೆಲವರ ಹೆಲ್ಮೆಟ್ಟಿನ ನೆತ್ತಿಯಲ್ಲಿ ಪುಟ್ಟ ಕ್ಯಾಮೆರಾ. ನಂದಿಮಂಟಪದ ಎದುರು ಒಂದು ಚಿತ್ರ, ಮುಖಮಂಟಪದ ಕಂಬಗಳ ನಡುವೆ ಇನ್ನೊಂದು, ಬೈಕುಗಳನ್ನು ಸಾಲಾಗಿ ನಿಲ್ಲಿಸಿ ಹಿಂದೆ ದೇವಾಲಯ ಕಾಣುವಂತೆ ಮತ್ತೊಂದು. ಇಪ್ಪತ್ತು ನಿಮಿಷಗಳಲ್ಲಿ ಇಕ್ಕೇರಿ ಮುಗಿಯುತ್ತದೆ. ಕೆಳದಿ ಅದಾಗಲೇ ಮುಗಿದಿರುತ್ತದೆ. ಮಧ್ಯಾಹ್ನಕ್ಕೆ ಜೋಗ, ಸಂಜೆಗೆ ಸಿಗಂದೂರಿನ ಸೇತುವೆ, ರಾತ್ರಿಗೆ ಮನೆ. ಇದಕ್ಕೆ ಈಗ ‘ಐತಿಹಾಸಿಕ ಊರುಗಳ ಅನ್ವೇಷಣೆ’ ಎಂಬ ಹೆಸರು ಬಂದಿದೆ. ಈ ಹೆಸರನ್ನು ಮಲೆನಾಡಿಗರು ಪ್ರಶ್ನಿಸದೆ ಒಪ್ಪಿಕೊಳ್ಳಬೇಕಾಗಿಲ್ಲ.

ಅನ್ವೇಷಕರು ಚಿತ್ರ ತೆಗೆಸಿಕೊಂಡ ಆ ಕಂಬಗಳನ್ನೇ ನೋಡೋಣ. ಈ ದೇವಾಲಯದ ನಡುಗಂಬಗಳ ನಡುವಿನ ಅಂತರವನ್ನೇ ಸೀಮೆಯ ತೋಟದ ನೆಲದ ಅಳತೆಗೆ ಮಾನದಂಡವಾಗಿ ಇಟ್ಟುಕೊಳ್ಳಲಾಗಿತ್ತೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಆ ಅಳತೆ 18 ಅಡಿ 6 ಅಂಗುಲ. ಅಳತೆಗೋಲು ಸವೆಯಬಹುದು, ಮೊಟಕಾಗಬಹುದು, ಶಾನುಭೋಗನ ಕೈಯಲ್ಲಿ ಉದ್ದವಾಗಲೂಬಹುದು. ಕಲ್ಲುಕಂಬಗಳು ಮಾತ್ರ ಸರಿಯುವುದಿಲ್ಲ. ತಕರಾರು ಬಂದಾಗ ರೈತನೂ ಅಧಿಕಾರಿಯೂ ಹೋಗಿ ಸರಿನೋಡಬಹುದಾದ ಅಳತೆಯನ್ನು ದೇವರ ಎದುರಿಗೇ ಇಟ್ಟ ವ್ಯವಸ್ಥೆ ಅದು. ಇಕ್ಕೇರಿಯ ಶಿಲ್ಪಕ್ಕಿಂತ ಈ ಸಂಗತಿ ದೊಡ್ಡದು ಎಂದರೆ ಕಲಾರಸಿಕರು ಮುನಿಯಬಹುದು. ಮುನಿಯಲಿ.

ಇದೇ ಮನೆತನದ ಶಿವಪ್ಪ ನಾಯಕನ ‘ಶಿಸ್ತು’ ಮಲೆನಾಡಿನ ಮಕ್ಕಳು ಪಠ್ಯದಲ್ಲಿ ಓದುವ ಶಬ್ದ. ಹಳ್ಳಿಗಳಲ್ಲಿ ಬೇರೆ ಬೇರೆ ತರಗತಿಯ ನೆಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಅರಮನೆಯ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು ಇವೆಲ್ಲವನ್ನೂ ಬರೆದಿಡಿಸಿ, ಆ ಸರಾಸರಿಯ ಮೇಲೆ ಕಂದಾಯ ಗೊತ್ತುಮಾಡಿದನೆಂದು ದಾಖಲೆಗಳು ಹೇಳುತ್ತವೆ. ಇಂದಿನ ಕೃಷಿ ವಿಶ್ವವಿದ್ಯಾಲಯಗಳ ಎಷ್ಟೋ ಕ್ಷೇತ್ರಪ್ರಯೋಗಗಳು ಕೆಲವೇ ಹಂಗಾಮಿಗೆ ಮುಗಿದುಹೋಗುತ್ತವೆ. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಹನ್ನೆರಡು ವರ್ಷ ಕಾಯುವ ತಾಳ್ಮೆ ಒಂದು ಆಡಳಿತಕ್ಕೆ ಇತ್ತು. ಇಂಥ ಊರುಗಳನ್ನು ಇಪ್ಪತ್ತು ನಿಮಿಷಕ್ಕೆ ಒಂದರಂತೆ ಎಣಿಸಿಕೊಂಡು ಹೋಗುವುದನ್ನು ಇತಿಹಾಸದ ದರ್ಶನವೆಂದು ಕರೆಯುವುದು ಹೇಗೆ?

ಪ್ರವಾಸಿಗರೆಲ್ಲರೂ ಹೀಗೆಯೇ ಇದ್ದರೆಂದಲ್ಲ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ದಾರಿಯಲ್ಲಿ ಗುಡಿಯೊಂದರ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಆತ ನಿಂತು ನೋಡಿದ. ಹೇಗೆ ಕಲಿಯುತ್ತೀರಿ ಎಂದು ಕೇಳಿ ತಿಳಿದುಕೊಂಡ. ಇಕ್ಕೇರಿಯಲ್ಲಿ ಹಲವು ದಿನ ತಂಗಿ ಬೀದಿ, ಉತ್ಸವ, ಕುಣಿತ, ಜನರ ನಡೆನುಡಿಗಳನ್ನು ಬರೆದಿಟ್ಟ. ಆತನ ಬರಹದಲ್ಲಿ ಪರದೇಶಿಯ ಪೂರ್ವಗ್ರಹಗಳೂ ಇವೆ. ಆದರೂ ಆ ಕಾಲದ ಇಕ್ಕೇರಿಯ ಬೀದಿಬದುಕನ್ನು ಇಂದಿನವರು ಕಾಣುವುದು ಆತನ ಕಣ್ಣಿನಿಂದಲೇ. ದೆಲ್ಲಾ ವಾಲ್ಲೆ ನಡೆದುಬಂದ, ಇವರು ಬೈಕಿನಲ್ಲಿ ಬಂದರು ಎಂಬುದು ದೊಡ್ಡ ವ್ಯತ್ಯಾಸವಲ್ಲ. ಆತ ಉಳಿದ, ಕೇಳಿದ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಬೈಕು ಮಲೆನಾಡಿನ ಶತ್ರುವಲ್ಲ. ಬಸ್ಸಿಲ್ಲದ ಊರಿನಲ್ಲಿ ಅಡಿಕೆ ಮೂಟೆಯನ್ನು ಮಂಡಿಗೆ, ಹಾಲನ್ನು ಡೇರಿಗೆ, ಬಾಣಂತಿಯ ಔಷಧಿಯನ್ನು ಮನೆಗೆ ತಲುಪಿಸುವುದು ಅದೇ. ದಿನಕ್ಕೆ ಎರಡು ಬಸ್ಸು ಬರುತ್ತಿದ್ದ ಎಷ್ಟೋ ದಾರಿಗಳಲ್ಲಿ ಈಗ ಒಂದೂ ಇಲ್ಲ. ಹಳ್ಳಿಯ ಹುಡುಗ ಸಾಲ ಮಾಡಿ ಬೈಕು ಕೊಂಡದ್ದು ಶೋಕಿಗಲ್ಲ. ಪಟ್ಟಣದ ಯುವಕನಿಗೆ ವಾರದ ದುಡಿಮೆಯ ನಂತರ ಹಸಿರು ಕಾಣಬೇಕೆನಿಸುವುದೂ ತಪ್ಪಲ್ಲ. ತಪ್ಪಿರುವುದು ಒಂದೇ ದಿನದಲ್ಲಿ ಹೋಗಿ, ಎಲ್ಲವನ್ನೂ ಮುಟ್ಟಿ, ಯಾವುದಕ್ಕೂ ಹೊಣೆಯಾಗದೆ ಮರಳುವ ಈ ರೂಢಿಯಲ್ಲಿ. ಅದಕ್ಕೆ ಜಾಹೀರಾತು ಕೊಟ್ಟು ರಸ್ತೆ ಅಗಲಿಸುವ ಸರ್ಕಾರದ ನೀತಿಯಲ್ಲಿ.

‘ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು’ ಎಂಬ ಮಾತನ್ನು ಪಂಚಾಯ್ತಿ ಕಟ್ಟೆಯಿಂದ ವಿಧಾನಸೌಧದವರೆಗೆ ಎಲ್ಲರೂ ಹೇಳುತ್ತಾರೆ. ರಾತ್ರಿ ತಂಗುವವರ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜ. ದಿನದ ಸವಾರನ ಲೆಕ್ಕವೇ ಬೇರೆ. ಪೆಟ್ರೋಲು ಹೆದ್ದಾರಿಯ ಬಂಕಿನಲ್ಲಿ, ತಿಂಡಿ ಹೆದ್ದಾರಿಯ ಹೋಟೆಲಿನಲ್ಲಿ, ಕುಡಿಯುವ ನೀರು ಸೀಸೆಯಲ್ಲಿ. ಇಕ್ಕೇರಿಯಲ್ಲೋ ನಗರದ ಕೋಟೆಯ ಬಾಗಿಲಲ್ಲೋ ಒಂದು ಲೋಟ ಚಹಾ, ಹೆಚ್ಚೆಂದರೆ ಒಂದು ಪೊಟ್ಟಣ ಚಿಪ್ಸು. ಆ ಪೊಟ್ಟಣವೂ ಸೀಸೆಯೂ ಊರಿಗೇ ಉಳಿಯುತ್ತವೆ. ಅದನ್ನು ಹೆಕ್ಕಿ ಸಾಗಿಸುವ ಖರ್ಚು ಗ್ರಾಮ ಪಂಚಾಯ್ತಿಯದು.

ಕಸಕ್ಕಿಂತ ಹೆಚ್ಚಿನ ಹಾನಿ ಕಣ್ಣಿಗೆ ಬೀಳದೆ ಆಗುವಂಥದು. ಡಾಂಬರು ಬಿಟ್ಟು ‘ಕಚ್ಚಾ ದಾರಿಯ ಸಾಹಸ’ಕ್ಕಾಗಿ ಬೇಣಗಳಿಗೂ ಸೊಪ್ಪಿನಬೆಟ್ಟಗಳಿಗೂ ಬೈಕು ಹತ್ತಿಸುವ ಚಾಳಿ ಬೆಳೆಯುತ್ತಿದೆ. ಅದೂ ಮಳೆಗಾಲದಲ್ಲೇ, ಕೆಸರು ಹಾರಿದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆಂಬ ಕಾರಣಕ್ಕೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ನೀರು ಕುಡಿದು ಮೆತ್ತಗಾಗಿರುವಾಗ ಅದರ ಮೇಲೆ ಭಾರ ಬಿದ್ದರೆ ಮಣ್ಣಿನ ಕಣಗಳ ನಡುವಿನ ರಂಧ್ರಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಆ ಪಟ್ಟಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮುಂದಿನ ಮಳೆಯ ನೀರು ಅಲ್ಲಿ ಇಂಗುವುದಿಲ್ಲ, ಚಕ್ರದ ಗುರುತನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಒಂದು ಗೇಣಿನ ಗೀರು ಎರಡು ಮೂರು ಮಳೆಗಾಲಕ್ಕೆ ಆಳು ಇಳಿಯುವಷ್ಟು ಕೊರಕಲಾಗಬಲ್ಲದು. ಕೊಚ್ಚಿಹೋದ ಮೇಲ್ಮಣ್ಣು ಕೆಳಗಿನ ಗದ್ದೆಗೂ ಕೆರೆಗೂ ಬಂದು ಕೂರುತ್ತದೆ. ಮೇಲೆ ನೀರು ಇಂಗದಿದ್ದರೆ ಕೆಳಗೆ ಅಬ್ಬಿಯ ಒರತೆ ಬೇಗ ಬತ್ತುತ್ತದೆ. ಫೆಬ್ರವರಿಯಲ್ಲಿ ದಂಬೆಯ ನೀರು ನಿಂತಾಗ ಮನೆಯವರು ಮಳೆಯನ್ನು ಬೈಯುತ್ತಾರೆ. ಜುಲೈಯ ಚಕ್ರದ ಗುರುತು ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಚಕ್ರಕ್ಕೆ ಅಂಟಿದ ಮಣ್ಣಿನೊಡನೆ ಬರುವುದು ಇನ್ನೊಂದಿದೆ. ಬಯಲುಸೀಮೆಯ ರಸ್ತೆಬದಿಯಲ್ಲಿ ತುಂಬಿರುವ ಪಾರ್ಥೇನಿಯಂ ಕಳೆಯ ಬೀಜ ಅತಿ ಸಣ್ಣದು. ಕೆಸರಿನ ಮೂಲಕ ವಾಹನಗಳಲ್ಲಿ ದೂರ ಪ್ರಯಾಣ ಮಾಡುತ್ತದೆ. ಮಲೆನಾಡಿನ ಬೇಣಗಳನ್ನು ಈಗಾಗಲೇ ನುಂಗುತ್ತಿರುವ ಯುಪಟೋರಿಯಂ ಕೂಡ ಬಟ್ಟೆಗೂ ವಾಹನಕ್ಕೂ ಅಂಟಿಕೊಂಡು ಹೊಸ ಜಾಗ ಹಿಡಿಯುತ್ತದೆ. ಕಾಳುಮೆಣಸಿನ ಸೊರಗು ರೋಗದ ಶಿಲೀಂಧ್ರ ನೆಲದ ಮಣ್ಣಿನಲ್ಲೇ ಬದುಕುವಂಥದು. ರೋಗ ಬಂದ ತೋಟದ ಒದ್ದೆ ಮಣ್ಣು ಕಾಲಿಗೋ ಚಕ್ರಕ್ಕೋ ಹತ್ತಿ ಪಕ್ಕದ ತೋಟಕ್ಕೆ ಹೋಗಬಾರದೆಂದು ಬೆಳೆಗಾರನಿಗೆ ಹೇಳಲಾಗುತ್ತದೆ. ತೋಟದ ಅಂಚಿನ ದಾರಿಯಲ್ಲಿ ಪರಊರಿನ ಹದಿನೈದು ಬೈಕುಗಳು ಹಾದುಹೋದರೆ ಆ ಎಚ್ಚರಿಕೆಗೆ ಏನು ಬೆಲೆ? ಇವೆಲ್ಲದರ ಜೊತೆಗೆ ಸಣ್ಣದೊಂದು ಕಿರುಕುಳ: ಬೇಲಿಯ ಉಣುಗೋಲು ತೆಗೆದು ಒಳನುಗ್ಗಿದವರು ಅದನ್ನು ಮತ್ತೆ ಹಾಕಿ ಹೋಗುವುದಿಲ್ಲ. ದನ ನುಗ್ಗಿದ ಸಸಿಮಡಿಯ ನಷ್ಟವನ್ನು ಯಾವ ಪ್ರವಾಸೋದ್ಯಮದ ವರದಿಯೂ ಬರೆದುಕೊಳ್ಳುವುದಿಲ್ಲ.

ಮಲೆನಾಡಿನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಬೇಕಾದದ್ದು ಶರಾವತಿಯ ಹಿನ್ನೀರಿನಲ್ಲಿ ಕಾಣುವ ದೃಶ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರುಗಳೊಡನೆ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಬರ ಬಿದ್ದ ಬೇಸಿಗೆಗಳಲ್ಲಿ ನೀರು ಇಳಿದಾಗ ಆ ಹಳೆಯ ಕಟ್ಟಡ ತಲೆಯೆತ್ತುತ್ತದೆ. ಅದನ್ನು ನೋಡಲು ಬರುವ ಬೈಕುಗಳಿಗೆ ಒಣಗಿದ ಜಲಾಶಯದ ನೆಲವೇ ಪಂದ್ಯದ ಬಯಲು. ಧೂಳೆಬ್ಬಿಸಿ ಸುತ್ತು ಹೊಡೆಯುವ ಆ ನೆಲ ಯಾರದು? ಅಲ್ಲಿ ಗದ್ದೆ ಇತ್ತು, ಮನೆಯ ಅಂಗಳವಿತ್ತು, ತುಳಸಿಕಟ್ಟೆ ಇತ್ತು. ಅಲ್ಲಿಂದ ಲಾರಿಗಳಲ್ಲಿ ತುಂಬಿ ಕಾಡಿನಂಚಿಗೆ ಒಯ್ದು ಇಳಿಸಿದ ಕುಟುಂಬಗಳ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳನ್ನು ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರ ಮನೆಯ ಅಡಿಪಾಯದ ಮೇಲೆ ಚಕ್ರ ಹೊರಳಿಸಿ ‘ಯಾರೂ ಕಾಣದ ತಾಣ’ ಎಂದು ಶೀರ್ಷಿಕೆ ಕೊಡುವುದು ಅಜ್ಞಾನವಿರಬಹುದು. ಹೇಳಿದ ಮೇಲೂ ಮುಂದುವರಿದರೆ ಅದಕ್ಕೆ ಬೇರೆ ಹೆಸರಿದೆ.

ಅದೇ ಹಿನ್ನೀರಿನ ದ್ವೀಪದ ಜನ ಆರು ದಶಕ ಲಾಂಚಿಗಾಗಿ ಕಾದು ಕುಳಿತರು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ಹೋಗಲು ಅವರು ಕೇಳಿದ ಸೇತುವೆ ಅದು. ಅದರ ಬಗ್ಗೆ ತಕರಾರು ಎತ್ತುವ ನೈತಿಕ ಹಕ್ಕು ಯಾವ ಪರಿಸರವಾದಿಗೂ ಇಲ್ಲ. ಆದರೆ ಸೇತುವೆ ಬಂದದ್ದೇ ತಡ, ಅದು ಪ್ರವಾಸದ ಪಟ್ಟಿಗೆ ಸೇರಿತು. ದ್ವೀಪದ ಕಿರುದಾರಿಗಳಿಗೂ ಕಾಡಿಗೂ ಈಗ ಯಾವ ತಡೆಯೂ ಇಲ್ಲ. ಲಾಂಚಿನ ಸರದಿ ಮಾಡುತ್ತಿದ್ದ ನಿಯಂತ್ರಣವನ್ನು ಈಗ ಯಾರು ಮಾಡಬೇಕು ಎಂದು ಸೇತುವೆ ಕಟ್ಟುವಾಗ ಯಾರೂ ಯೋಚಿಸಲಿಲ್ಲ.

ಇನ್ನು ಜೋಗದಿಂದ ಕೆಳಗೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವಾಟಿನ ಭೂಗತ ವಿದ್ಯುತ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಇಳಿಸಿ ಏರಿಸುವ ಈ ಯೋಜನೆಯ ವಿರುದ್ಧ ಕಣಿವೆಯ ಜನ ಸಭೆ ಸೇರುತ್ತಿದ್ದಾರೆ. ಅದೇ ಗೇರುಸೊಪ್ಪೆಯ ಕಾಡಿನಲ್ಲಿ, ಕಾಳುಮೆಣಸಿನ ರಾಣಿ ಎನಿಸಿದ್ದ ಚೆನ್ನಭೈರಾದೇವಿಯ ನಾಡಿನ ಚತುರ್ಮುಖ ಬಸದಿ ಇದೆ. ಬಸದಿಯ ಮುಂದೆ ಚಿತ್ರ ತೆಗೆಸಿಕೊಂಡವರು ಸಾವಿರಗಟ್ಟಲೆ. ಕಣಿವೆಗಾಗಿ ಒಂದು ಆಕ್ಷೇಪಣಾ ಪತ್ರ ಬರೆದವರು ಅವರಲ್ಲಿ ಎಷ್ಟು ಮಂದಿ?

ಒಳಗಿನವರ ಪಾಲನ್ನೂ ಮರೆಮಾಚಬಾರದು. ಸೈಲೆನ್ಸರ್ ಬದಲಿಸಿ ಶಾಲೆಯ ಮುಂದೆ ಗುಡುಗಿಸುವವರಲ್ಲಿ ತೀರ್ಥಹಳ್ಳಿಯ, ಸಾಗರದ ಹುಡುಗರೂ ಇದ್ದಾರೆ. ಬೇಣದ ದಾರಿಯನ್ನು ದುಡ್ಡಿಗಾಗಿ ತೋರಿಸುವವರು ಊರವರೇ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾಜೋಯಿಸರು ಒಂದು ಜೀವಮಾನವಿಡೀ ಕಲೆಹಾಕಿದ ಓಲೆಗರಿ, ಕಡತಗಳನ್ನು ಸಾಗರದ ಎಷ್ಟು ವಿದ್ಯಾರ್ಥಿಗಳು ನೋಡಿದ್ದಾರೆ? ನಗರದ ಬಳಿಯ ದೇವಗಂಗೆಯಲ್ಲಿ ನಾಯಕರ ಕಾಲದ ಕಲ್ಲುಕೊಳಗಳಿಗೆ ಗುಡ್ಡದ ನೀರು ಇಂದಿಗೂ ಹೇಗೆ ಹರಿದು ಬರುತ್ತದೆಂದು ಆ ತಾಲ್ಲೂಕಿನ ಎಷ್ಟು ಮೇಷ್ಟ್ರುಗಳು ಮಕ್ಕಳಿಗೆ ತೋರಿಸಿದ್ದಾರೆ? ಮನೆಯವರಿಗೇ ಬೇಡವಾದದ್ದನ್ನು ಹಾದುಹೋಗುವವರು ಗೌರವಿಸಲೆಂದು ಬಯಸುವುದು ಸ್ವಲ್ಪ ಅತಿಯಾಯಿತು.

ಆದರೆ ಮಾಡಬಹುದಾದ ಕೆಲಸಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ. ಮಿತಿಮೀರಿ ಸದ್ದು ಮಾಡುವ ವಾಹನಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಲ್ಲಿ ದಂಡವಿದೆ. ಶಾಲೆ, ಆಸ್ಪತ್ರೆಗಳ ಸುತ್ತ ನೂರು ಮೀಟರನ್ನು ಶಬ್ದಮುಕ್ತ ವಲಯವಾಗಿಸುವ ನಿಯಮ 2000ದಿಂದಲೂ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಏಳಬಾರದೆಂಬ ನಿರ್ಬಂಧವೂ ಇದೆ. ಇಕ್ಕೇರಿಯಂಥ ಊರಿನ ಗ್ರಾಮಸಭೆ ಕೂತು, ಹೊರಗಿನ ವಾಹನ ಊರ ಬಾಗಿಲಲ್ಲೇ ನಿಲ್ಲಲಿ, ನಿಲುಗಡೆಯ ಶುಲ್ಕ ಪಂಚಾಯ್ತಿಗೆ ಬರಲಿ, ಬೇಣಕ್ಕೂ ಸೊಪ್ಪಿನಬೆಟ್ಟಕ್ಕೂ ವಾಹನ ಹತ್ತಕೂಡದು ಎಂದು ನಿರ್ಣಯ ಬರೆದರೆ ಅದನ್ನು ತಳ್ಳಿಹಾಕುವುದು ಅಧಿಕಾರಿಗಳಿಗೆ ಸುಲಭವಲ್ಲ. ಪ್ರವಾಸೋದ್ಯಮದ ಹೆಸರಿನಲ್ಲಿ ರಸ್ತೆ ಅಗಲಿಸಲು ಸಾಲುಮರ ಕಡಿಯುವ ಹಣದಲ್ಲಿ ನಿಂತುಹೋದ ಬಸ್ಸುಗಳನ್ನು ಮತ್ತೆ ಓಡಿಸಿ ಎಂದು ಅದೇ ನಿರ್ಣಯದಲ್ಲಿ ಸೇರಿಸಬೇಕು. ಆ ಬಸ್ಸು ಪ್ರವಾಸಿಗೂ ಆಯಿತು, ಕಾಲೇಜಿಗೆ ಹೋಗುವ ಹುಡುಗಿಗೂ ಆಯಿತು.

ಸಾಗರದ ಕಾಲೇಜುಗಳ ವಿದ್ಯಾರ್ಥಿಗಳು ಭಾನುವಾರಗಳಂದು ಸರದಿಯ ಮೇಲೆ ಹದಿನೆಂಟೂವರೆ ಅಡಿಯ ಒಂದು ಹಗ್ಗ ಹಿಡಿದು ದೇವಾಲಯದ ಅಂಗಳದಲ್ಲಿ ನಿಲ್ಲಲಿ. ಬೈಕು ಇಳಿದವರನ್ನು ಕರೆದು ಹಗ್ಗದ ಒಂದು ತುದಿಯನ್ನು ಅವರ ಕೈಗೇ ಕೊಡಲಿ. ಅಳತೆ ತೋರಿಸಿದ ಮೇಲೆ ತೋಟಕ್ಕೂ ಕರೆದೊಯ್ಯಲಿ, ನಡೆಸಿಕೊಂಡು. ಒಪ್ಪುವವರು ಹತ್ತರಲ್ಲಿ ಇಬ್ಬರಿರಬಹುದು. ಸಾಗರ ಪೇಟೆಯಿಂದ ಇಕ್ಕೇರಿಗೆ ಇರುವುದು ಸುಮಾರು ಆರು ಕಿಲೋಮೀಟರು, ನಡೆದರೆ ಒಂದೂವರೆ ಗಂಟೆಯ ದಾರಿ.