ಹೊರಚಾಚಿದ ಕಿವಿ: ಆತುರ ಬೇಡ, ಅಲಕ್ಷ್ಯವೂ ಬೇಡ

ಶಾಲೆಗೆ ಹೊರಟ ಮಗಳು ಎರಡು ಜಡೆ ಹಾಕಿಸಿಕೊಳ್ಳಲು ದಿನವೂ ಅಳುತ್ತಿದ್ದರೆ ಅದನ್ನು ಬರಿಯ ಹಟವೆಂದು ತಿಳಿಯಬೇಡಿ. ಜಡೆ ಬಿಗಿದರೆ ಕಿವಿ ಎದ್ದು ಕಾಣುತ್ತದೆ. ತರಗತಿಯಲ್ಲಿ 'ಆನೆ ಕಿವಿ' ಎಂಬ ಕೂಗು ಏಳುತ್ತದೆ. 'ದೊಡ್ಡ ಕಿವಿ ಅದೃಷ್ಟದ ಲಕ್ಷಣ ಕಣೇ' ಎಂದು ಅಜ್ಜಿ ಸಮಾಧಾನ ಹೇಳಬಹುದು. ಆದರೆ ತರಗತಿಯಲ್ಲಿ ಆ ಮಾತು ನಡೆಯುವುದಿಲ್ಲ.

ಹೊರಚಾಚಿದ ಕಿವಿ ರೋಗವಲ್ಲ. ಹೊರಗಿವಿಯ ಮೃದ್ವಸ್ಥಿಯಲ್ಲಿ ಇರಬೇಕಾದ ಮಡಿಕೆ ಸರಿಯಾಗಿ ಮೂಡದಿದ್ದಾಗ ಅಥವಾ ಬಟ್ಟಲಿನಂಥ ಭಾಗ ಹೆಚ್ಚು ಆಳವಾಗಿದ್ದಾಗ ಕಿವಿ ತಲೆಯಿಂದ ದೂರ ನಿಲ್ಲುತ್ತದೆ. ಇದು ವಂಶದಲ್ಲೇ ಬಂದಿರುವುದುಂಟು. ಇದರಿಂದ ಕೇಳಿಸುವುದಕ್ಕೇನೂ ತೊಂದರೆಯಿಲ್ಲ.

ನವಜಾತ ಶಿಶುವಿನ ಕಿವಿ ಬಹಳ ಮೆತ್ತಗಿರುತ್ತದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ವೈದ್ಯರಿಗೆ ತೋರಿಸಿದರೆ ಪುಟ್ಟ ಅಚ್ಚಿನ ನೆರವಿನಿಂದಲೇ ಆಕಾರ ತಿದ್ದಲು ಸಾಧ್ಯ. ದೊಡ್ಡ ಮಕ್ಕಳ ಕಿವಿಗೆ ಮನೆಯಲ್ಲಿ ಟೇಪು ಅಂಟಿಸಿ ಪ್ರಯೋಜನವಿಲ್ಲ. ಆಗ ಉಳಿಯುವುದು ಶಸ್ತ್ರಚಿಕಿತ್ಸೆ.

5-6 ವರ್ಷದ ಹೊತ್ತಿಗೆ ಕಿವಿ ಬಹುಮಟ್ಟಿಗೆ ಬೆಳೆದಿರುವುದರಿಂದ ಸಾಮಾನ್ಯವಾಗಿ ಆ ಬಳಿಕವೇ ಇದನ್ನು ಮಾಡುತ್ತಾರೆ. ಕಿವಿಯ ಹಿಂಬದಿಯಲ್ಲಿ ಕೊಯ್ದು, ಮೃದ್ವಸ್ಥಿಗೆ ಮಡಿಕೆ ಕೊಟ್ಟು ಹೊಲಿಗೆ ಹಾಕುವುದು ಇದರ ಕ್ರಮ. ಒಂದೆರಡು ಗಂಟೆ ಹಿಡಿಯುತ್ತದೆ. ಚಿಕ್ಕ ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆ. ನಂತರ ಕೆಲವು ದಿನ ತಲೆಗೆ ಬ್ಯಾಂಡೇಜು, ಕೆಲವು ವಾರ ಮಲಗುವಾಗ ಪಟ್ಟಿ. ರಕ್ತ ಕಟ್ಟುವುದು, ಸೋಂಕು, ಉಬ್ಬಿದ ಕಲೆ, ಕಿವಿ ಮತ್ತೆ ಹೊರಚಾಚುವುದು ಮುಂತಾದ ತೊಂದರೆಗಳು ಕೆಲವರಲ್ಲಿ ಕಾಣಿಸಿಕೊಳ್ಳುತ್ತವೆ. ಎರಡೂ ಕಿವಿ ಅಚ್ಚು ಹಾಕಿದಂತೆ ಒಂದೇ ಥರ ಆಗುತ್ತವೆಂಬ ಭರವಸೆಯನ್ನು ಯಾರೂ ಕೊಡಲಾರರು.

ಹಾಗಾದರೆ ಮಾಡಿಸಬೇಕೇ, ಬೇಡವೇ? ಇದನ್ನು ತೀರ್ಮಾನಿಸುವಾಗ ಮೊದಲು ಕೇಳಬೇಕಾದುದು ಮಗುವನ್ನು ಎಂಬುದು ನನ್ನ ಅಭಿಪ್ರಾಯ. ಮಗು ತನ್ನ ಕಿವಿಯ ಬಗ್ಗೆ ತಲೆಕೆಡಿಸಿಕೊಳ್ಳದೆ ಆಡಿಕೊಂಡಿದ್ದರೆ, ನೆಂಟರ ಮಾತಿಗೋ 'ನಾಳೆ ಮದುವೆಗೆ ತೊಡಕಾದೀತು' ಎಂಬ ಅಂಜಿಕೆಗೋ ಅದನ್ನು ಆಪರೇಷನ್ ಥಿಯೇಟರಿಗೆ ಒಯ್ಯಬೇಡಿ. ಕಾಯುವುದರಿಂದ ನಷ್ಟವಿಲ್ಲ, ದೊಡ್ಡವರಾದ ಮೇಲೂ ಮಾಡಿಸಿಕೊಳ್ಳಬಹುದು.

ಆದರೆ ಮಗುವೇ ಬಾಯಿಬಿಟ್ಟು ಕೇಳಿದರೆ ನಕ್ಕು ತಳ್ಳಿಹಾಕಬೇಡಿ. ಪ್ಲಾಸ್ಟಿಕ್ ಸರ್ಜನ್ ಬಳಿ ಕರೆದೊಯ್ದು, ಲಾಭವನ್ನೂ ಅಪಾಯವನ್ನೂ ಮಗುವಿನ ಎದುರಿನಲ್ಲೇ ಕೇಳಿ ತಿಳಿಯಿರಿ. ಅದಕ್ಕೂ ಮೊದಲು ಒಮ್ಮೆ ಶಾಲೆಗೆ ಹೋಗಿ ಟೀಚರನ್ನು ಕಾಣಿರಿ. ಮನೆಯಲ್ಲೂ ತಮಾಷೆಗೆಂದು ಯಾರೂ ಆ ಅಡ್ಡಹೆಸರಿನಿಂದ ಕರೆಯದಂತೆ ನೋಡಿಕೊಳ್ಳಿ. ಇಷ್ಟು ಮಾಡಲು ಯಾವ ಅರಿವಳಿಕೆಯೂ ಬೇಕಿಲ್ಲ.