ಮೂಗು ಕಟ್ಟಿದವರಿಗೆ ‘ತೂಕ ಇಳಿಸು’ ಅನ್ನೋ ಮುಂಚೆ

“ಮೊದಲು ತೂಕ ಇಳಿಸು ಮಗಾ, ಸೈನಸ್ ತಾನಾಗೇ ಹೋಗತ್ತೆ.” ಹಾಸ್ಟೆಲ್‌ನಲ್ಲಿ ಸ್ವಲ್ಪ ದಪ್ಪ ಇರೋರು ಮೂಗು ಒರೆಸ್ಕೊಂಡ್ರೆ ಸಾಕು, ಈ ಸಲಹೆ ಫ್ರೀಯಾಗಿ ಸಿಗತ್ತೆ. ಇದೇ ತೊಂದರೆ ಸಣ್ಣಗಿರೋರಿಗೆ ಬಂದ್ರೆ “ಡಾಕ್ಟರ್‌ಗೆ ತೋರಿಸು” ಅಂತೀವಿ. ಈ ವ್ಯತ್ಯಾಸದ ಬಗ್ಗೆನೇ ನನ್ನ ತಕರಾರು.

ಸಲಹೆ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಸೈನಸ್ ಅಂದ್ರೆ ರೋಗ ಅಲ್ಲ, ಮುಖದ ಮೂಳೆಗಳ ಒಳಗಿರೋ ನಾಲ್ಕು ಜೊತೆ ಗಾಳಿಗೂಡುಗಳು. ಅವುಗಳ ಒಳಪದರ ಊದಿಕೊಂಡು ಮೂಗು ಕಟ್ಟೋದು, ಸಿಂಬಳ ಗಂಟಲಿಗೆ ಇಳಿಯೋದು, ಮುಖ ಭಾರ ಆಗೋದು, ವಾಸನೆ ತಿಳಿಯದಿರೋದು, ಇವೆಲ್ಲ 12 ವಾರ ಕಳೆದ್ರೂ ಹೋಗ್ಲಿಲ್ಲ ಅಂದ್ರೆ ಅದು ದೀರ್ಘಕಾಲದ ಸೈನಸೈಟಿಸ್. ಇದರ ಮೂಲ ಉರಿಯೂತ. ಇನ್ನು ಕೊಬ್ಬು ಸುಮ್ನೆ ಬಿದ್ದಿರೋ ಗೋಡೌನ್ ಅಲ್ಲ. ಅದು ಲೆಪ್ಟಿನ್, ಐಎಲ್-6 ಥರದ ಸಿಗ್ನಲ್‌ಗಳನ್ನು ರಕ್ತಕ್ಕೆ ಕಳಿಸತ್ತೆ, ಬೊಜ್ಜು ಹೆಚ್ಚಾದ್ರೆ ದೇಹದಲ್ಲಿ ಉರಿಯೂತವೂ ಹೆಚ್ಚತ್ತೆ. ಬೊಜ್ಜಿನ ಜೊತೆ ಹೆಚ್ಚಾಗಿ ಕಾಣೋ ಆಸ್ತಮಾ, ಸೈನಸೈಟಿಸ್ ಇರೋರಲ್ಲೂ ಹೆಚ್ಚು. ಹಾಗಾಗಿ ಎರಡಕ್ಕೂ ನಂಟು ಕಂಡಿದೆ ಅನ್ನೋ ಅಧ್ಯಯನಗಳು ಬಂದಿರೋದರಲ್ಲಿ ಆಶ್ಚರ್ಯ ಇಲ್ಲ.

ಆದ್ರೆ ನಂಟು ಬೇರೆ, ಕಾರಣ ಬೇರೆ. ಇದನ್ನ ನಮಗೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲೇ ಹೇಳ್ಕೊಟ್ಟಿದ್ದಾರೆ. ಬಾಣ ಉಲ್ಟಾ ಕೂಡ ಓಡಬಹುದು ಅಲ್ವಾ? ಮೂಗು ಕಟ್ಟಿದ್ರೆ ರಾತ್ರಿ ಸರಿ ನಿದ್ದೆ ಇಲ್ಲ. ನಿದ್ದೆಗೆಟ್ಟವರಿಗೆ ಹಸಿವು ಜಾಸ್ತಿ, ಬೆಳಿಗ್ಗೆ ಗ್ರೌಂಡಿಗೆ ಹೋಗೋ ಮನಸ್ಸು ಕಡಿಮೆ. ಬಾಯಲ್ಲೇ ಉಸಿರಾಡ್ತಾ ಎರಡು ರೌಂಡ್ ಓಡಿ ನೋಡಿ, ಗೊತ್ತಾಗತ್ತೆ. ಜೊತೆಗೆ, ಈ ಕಾಯಿಲೆ ಜೋರಾದಾಗ ಕೊಡೋ ಸ್ಟೀರಾಯ್ಡ್ ಮಾತ್ರೆಗಳನ್ನು ಮತ್ತೆ ಮತ್ತೆ ತಗೊಂಡ್ರೆ ಅವುಗಳಿಂದಲೇ ತೂಕ ಏರಬಹುದು. ಅಂದ್ರೆ ನಾವು ಯಾವುದನ್ನ ಕಾರಣ ಅಂತ ಬೆರಳು ತೋರಿಸ್ತೀವೋ ಅದೇ ಕೆಲವರಲ್ಲಿ ಪರಿಣಾಮ ಆಗಿರಬಹುದು.

ನಿಜವಾದ ನಷ್ಟ ಆಗೋದು ಇಲ್ಲಿ. ‘ತೂಕ ಇಳಿಸು’ ಅಂದ ತಕ್ಷಣ ಮೂಗಿನ ಒಳಗೆ ನೋಡೋ ಕೆಲಸ ನಿಂತುಹೋಗತ್ತೆ. ಒಳಗೆ ಪಾಲಿಪ್ ಇರಬಹುದು, ಮೂಗಿನ ನಡುಗೋಡೆ ಸೊಟ್ಟ ಇರಬಹುದು, ಧೂಳಿನದೋ ಕಾಂಗ್ರೆಸ್ ಗಿಡದ ಪರಾಗದ್ದೋ ಅಲರ್ಜಿ ಇರಬಹುದು. ಇದನ್ನೆಲ್ಲ ವೇಯಿಂಗ್ ಮಷೀನ್ ಹೇಳಲ್ಲ. ಬೈಸ್ಕೊಂಡವರು ಡಾಕ್ಟರ್ ಹತ್ರ ಹೋಗೋಕೇ ನಾಚಿಕೊಂಡು ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕ್ಕೊಳ್ತಾರೆ. ಮೂಗು ಬಿಡಿಸೋ ಆ ಡ್ರಾಪ್ಸ್‌ನ ಕೆಲವು ದಿನಕ್ಕಿಂತ ಹೆಚ್ಚು ಬಳಸಿದ್ರೆ ಮೂಗು ಇನ್ನೂ ಗಟ್ಟಿಯಾಗಿ ಕಟ್ಟತ್ತೆ.

ಚಿಕಿತ್ಸೆ ಹೆಚ್ಚಾಗಿ ಶುರುವಾಗೋದು ಸರಳವಾಗೇ: ಉಪ್ಪುನೀರಲ್ಲಿ ಮೂಗು ತೊಳೆಯೋದು (ಕುದಿಸಿ ಆರಿಸಿದ ನೀರೇ ಆಗ್ಬೇಕು), ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ. ಇವೆರಡಕ್ಕೂ ನಿಮ್ಮ ತೂಕ ಎಷ್ಟು ಅನ್ನೋ ಷರತ್ತಿಲ್ಲ.

ತೂಕ ಇಳಿಸೋದು ಒಳ್ಳೇದೇ. ಹೃದಯಕ್ಕೆ, ಮಂಡಿಗೆ, ನಿದ್ದೆಗೆ, ಬಹುಶಃ ಮೂಗಿಗೂ. ಆದ್ರೆ ಅದು ಚಿಕಿತ್ಸೆಯ ಜೊತೆ ನಡೀಬೇಕು, ಚಿಕಿತ್ಸೆಗೆ ಎಂಟ್ರೆನ್ಸ್ ಎಕ್ಸಾಮ್ ಆಗಬಾರದು. ಮೂರು ತಿಂಗಳಿಂದ ಮೂಗು ಕಟ್ಟಿರೋ ರೂಮ್‌ಮೇಟ್ ನಿಮಗಿದ್ರೆ, ಜಿಮ್ಮಿಗೆ ಕರೆಯೋ ಮುಂಚೆ ಇ.ಎನ್.ಟಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.