ಕಾಣದ್ದು ಇಲ್ಲದ್ದಲ್ಲ

ಜೀವಹಾನಿಯ ಮಾತು ಬಂದಾಗಲೆಲ್ಲ ಕೇಳಿಬರುವ ಒಂದು ಸಮಾಧಾನವಿದೆ: ‘ಕೊಲ್ಲುವ ಉದ್ದೇಶ ಇರಲಿಲ್ಲ; ಅಲ್ಲೊಂದು ಜೀವವಿದೆಯೆಂದು ಗೊತ್ತೇ ಇರಲಿಲ್ಲ.’ ಇಷ್ಟು ಹೇಳಿದವನು ತಾನು ನಿರ್ದೋಷಿಯೆಂದು ತಿಳಿದು ನೆಮ್ಮದಿಯಿಂದ ನಿದ್ರಿಸುತ್ತಾನೆ. ಗೊತ್ತಿಲ್ಲದಿರುವುದು ಬೇರೆ, ಗೊತ್ತುಮಾಡಿಕೊಳ್ಳದಿರುವುದು ಬೇರೆ ಎಂಬ ವಿವೇಕ ಅವನಿಗೆ ಹೊಳೆಯುವುದಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದ್ದು ಈ ನೆಮ್ಮದಿಯನ್ನು ಕೆಡಿಸುವುದಕ್ಕಾಗಿಯೇ. ದೂರದ ನ್ಯೂಜಿಲೆಂಡಿನ ಕಡಲಲ್ಲಿ ಅಂಗೈಯಗಲದ ಒಂದು ಹಕ್ಕಿ ಇದೇ ಸಮಾಧಾನದ ಪೊಳ್ಳುತನವನ್ನು ಬಯಲಿಗೆಳೆದಿದೆ. ಆ ವೃತ್ತಾಂತ ವಿಚಾರಾರ್ಹವಾದುದು.

ಹಕ್ಕಿಯ ಹೆಸರು ನ್ಯೂಜಿಲೆಂಡ್ ಸ್ಟಾರ್ಮ್ ಪೆಟ್ರೆಲ್. ತೂಕ ಸುಮಾರು 35 ಗ್ರಾಂ. ಮೈ ಕಪ್ಪು, ಹೊಟ್ಟೆ ಬಿಳಿ, ಆ ಬಿಳಿಯ ಮೇಲೆ ಕಪ್ಪು ಗೀರುಗಳು. ಹಗಲೆಲ್ಲ ತೆರೆಗಳ ಮೇಲೆ ಕಾಲಾಡಿಸುತ್ತ ಹಾರುವ ಈ ಜಾತಿ, ಮರಿಮಾಡುವ ಕಾಲದಲ್ಲಿ ಮಾತ್ರ, ಅದೂ ಇರುಳಿನಲ್ಲಿ, ನೆಲಕ್ಕೆ ಬರುತ್ತದೆ. 19ನೇ ಶತಮಾನದಲ್ಲಿ ಕೊಂದು ಒಣಗಿಸಿದ ಮೂರು ಹಕ್ಕಿಗಳ ಚರ್ಮಗಳು, ಎರಡು ಪ್ಯಾರಿಸ್ಸಿನಲ್ಲಿ ಮತ್ತು ಒಂದು ಇಂಗ್ಲೆಂಡಿನಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಉಳಿದಿದ್ದವು. ಇಂಥ ಹಕ್ಕಿಯೊಂದಿತ್ತು ಎಂಬುದಕ್ಕೆ ಜಗತ್ತಿನಲ್ಲಿ ಇದ್ದ ಸಾಕ್ಷ್ಯ ಅಷ್ಟೇ. ಮುಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿ ಯಾರೂ ಅದನ್ನು ಗುರುತಿಸಲಿಲ್ಲ. ಅಳಿದುಹೋದ ಪಕ್ಷಿಗಳ ಸಾಲಿನಲ್ಲಿ ಅದರ ಹೆಸರೂ ಸೇರಿತು.

2003ರ ಜನವರಿ 25ರಂದು ಉತ್ತರ ದ್ವೀಪದ ಪೂರ್ವಕ್ಕೆ, ಮರ್ಕ್ಯುರಿ ದ್ವೀಪಗಳ ಬಳಿ, ಪಕ್ಷಿವೀಕ್ಷಣೆಗೆ ಹೊರಟಿದ್ದ ದೋಣಿಯೊಂದರ ಹತ್ತಿರ ಒಂದು ಹಕ್ಕಿ ಸುಳಿಯಿತು. ಅದರಲ್ಲಿದ್ದ ಸೇವಿಲ್ ಮತ್ತು ಸ್ಟೀಫನ್ಸನ್ ಎಂಬ ಪಕ್ಷಿತಜ್ಞರಿಗೆ ಛಾಯಾಚಿತ್ರಗಳು ದೊರೆತವು. ಅದು ಬೇರೊಂದು ಪರಿಚಿತ ಜಾತಿಯ ಬಣ್ಣಗೆಟ್ಟ ಹಕ್ಕಿಯಿರಬಹುದೆಂಬ ಸಂಶಯ ಮೊದಲು ಮೂಡಿತು. ಅದೇ ವರ್ಷದ ನವೆಂಬರ್ 17ರಂದು ಲಿಟ್ಲ್ ಬ್ಯಾರಿಯರ್ ದ್ವೀಪದ ಸಮೀಪ ಫ್ಲಡ್ ಮತ್ತು ಥಾಮಸ್ ಎಂಬಿಬ್ಬರಿಗೆ ಅದೇ ಹಕ್ಕಿ ಕಂಡಿತು, ಒಂದಲ್ಲ, ಹಲವು. 2005ರ ನವೆಂಬರಿನಲ್ಲಿ ಅಲ್ಲಿನ ಮೀನುಗಾರನೊಬ್ಬನ ದೋಣಿಯೊಳಕ್ಕೇ ಒಂದು ಹಕ್ಕಿ ಹಾರಿಬಂದಿತು. ಮೂರು ಒಣಚರ್ಮಗಳಾಗಿ ಮಾತ್ರ ಉಳಿದಿದೆಯೆಂದು ನಂಬಲಾಗಿದ್ದ ಜೀವ ಮನುಷ್ಯನ ಕೈಯಲ್ಲಿ ಮಿಡಿಯುತ್ತಿತ್ತು. ಪರೀಕ್ಷಿಸಿದ ಬಳಿಕ ಅದನ್ನು ಬಿಟ್ಟುಬಿಟ್ಟರು. 2013ರ ಫೆಬ್ರವರಿಯಲ್ಲಿ, ಪುಟ್ಟ ರೇಡಿಯೋ ಸಾಧನಗಳನ್ನು ಕಟ್ಟಿ ಬಿಟ್ಟ ಹಕ್ಕಿಗಳ ಜಾಡು ಹಿಡಿದು ಹೋದವರಿಗೆ ಅವು ಮರಿಮಾಡುವ ತಾಣ ಅದೇ ಲಿಟ್ಲ್ ಬ್ಯಾರಿಯರ್ ದ್ವೀಪದ ಕಾಡಿನಲ್ಲಿ ದೊರೆಯಿತು.

ಆ ದ್ವೀಪವೇನೂ ಮನುಷ್ಯ ಮುಟ್ಟದ ಧ್ರುವಪ್ರದೇಶವಲ್ಲ. ಆ ದೇಶದ ಅತಿದೊಡ್ಡ ನಗರವಾದ ಆಕ್ಲೆಂಡಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. 19ನೇ ಶತಮಾನದ ಕೊನೆಯಿಂದಲೂ ರಕ್ಷಿತ ಪ್ರದೇಶವಾಗಿದೆ. ಸುತ್ತಲ ನೀರಿನಲ್ಲಿ ದೋಣಿಗಳ ಸಂಚಾರ ನಿತ್ಯದ್ದು. ಹಕ್ಕಿ ಎಲ್ಲಿಗೂ ಹೋಗಿರಲಿಲ್ಲ. ನೋಡುವವರು ಇರಲಿಲ್ಲ ಅಷ್ಟೇ. ‘ಇಲ್ಲ’ ಎಂಬ ಮಾತಿನಿಂದ ಯಾರಿಗೇನು ಹಾನಿಯೆಂದು ಕೆಲವರು ಕೇಳಬಹುದು. ಹಾನಿ ಇದೆ. ಅಳಿದದ್ದಕ್ಕೆ ಕಾವಲು ಇಡುವವರಿಲ್ಲ. ಇಲ್ಲವೆಂದು ಬರೆದುಬಿಟ್ಟ ಮೇಲೆ ಅದರ ನೆಲೆಯನ್ನು ಹುಡುಕುವ, ಗೂಡನ್ನು ಕಾಯುವ ಹೊಣೆ ಎಲ್ಲರ ಹೆಗಲಿನಿಂದಲೂ ಇಳಿಯುತ್ತದೆ. ಕಾಡು ಕಡಿಯುವವನಿಗೂ ಕೆರೆ ಮುಚ್ಚುವವನಿಗೂ ‘ಅಲ್ಲಿ ಏನೂ ಇಲ್ಲ’ ಎಂಬ ಮಾತಿಗಿಂತ ಒಳ್ಳೆಯ ರಹದಾರಿ ಬೇರೊಂದಿಲ್ಲ.

ಕೊಲ್ಲದೆ ಅರಿಯಲಾಗದು ಎಂಬ ಹಳೆಯ ವಾದಕ್ಕೂ ಈ ಪ್ರಸಂಗದಲ್ಲಿ ಉತ್ತರವಿದೆ. ಅಪರೂಪದ ಹಕ್ಕಿ ಕಂಡರೆ ಗುಂಡಿಟ್ಟು ಕೆಡವುವುದೇ ಒಂದು ಕಾಲದ ವಿಜ್ಞಾನವಾಗಿತ್ತು. ಈ ಸಲ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಅಳೆದು, ವಂಶವಾಹಿ ಪರೀಕ್ಷೆಗೆ ಬೇಕಾದಷ್ಟನ್ನೇ ತೆಗೆದುಕೊಂಡು, ಮತ್ತೆ ಕಡಲಿಗೆ ಬಿಟ್ಟರು. ಅದನ್ನು ಹಳೆಯ ಚರ್ಮಗಳೊಡನೆ ಹೋಲಿಸಿ ನಿರ್ಣಯಕ್ಕೆ ಬಂದರು. ‘ಹಾಗಾದರೆ ಅಂದು ಕೊಂದದ್ದೇ ಇಂದು ಉಪಯೋಗಕ್ಕೆ ಬಂದಿತಲ್ಲ’ ಎಂದು ಪ್ರತಿವಾದಿ ಹೇಳಿಯಾನು. ಬಂದಿತು, ನಿಜ. ಆದದ್ದರಿಂದ ಪ್ರಯೋಜನ ಪಡೆಯುವುದು ಬೇರೆ, ಅದನ್ನೇ ನೀತಿಯೆಂದು ಸಾರುವುದು ಬೇರೆ. ತಾಳ್ಮೆಯಿದ್ದರೆ ಕೊಲೆಯಿಲ್ಲದೆಯೂ ಜ್ಞಾನ ದೊರೆಯುತ್ತದೆ ಎಂಬುದು ಇಲ್ಲಿ ಸಿದ್ಧವಾಗಿದೆ.

ಈ ವೃತ್ತಾಂತದಲ್ಲಿ ಜೀವದಯೆಯ ಮನಸ್ಸಿಗೆ ಕಹಿಯಾದ ಭಾಗವೂ ಇದೆ. ಅದನ್ನು ಮರೆಮಾಚಿ ಹಕ್ಕಿಯ ಭಾಗ್ಯವನ್ನಷ್ಟೇ ಕೊಂಡಾಡುವುದು ಅಪ್ರಾಮಾಣಿಕತೆ. ಆ ದ್ವೀಪಕ್ಕೆ ಇಲಿಗಳು ಬಂದದ್ದು ಮಾವೋರಿಗಳ ದೋಣಿಗಳಲ್ಲಿ. ಬೆಕ್ಕುಗಳು ಬಂದದ್ದು ಯುರೋಪಿಯನ್ನರ ಕಾಲದಲ್ಲಿ. ನೆಲದ ಬಿಲದಲ್ಲಿ ಒಂದೇ ಮೊಟ್ಟೆಯಿಡುವ ಪಕ್ಷಿಕುಲಕ್ಕೆ ಎರಡೂ ಮೃತ್ಯುವಾದವು. 1980ರ ಹೊತ್ತಿಗೆ ಬೆಕ್ಕುಗಳನ್ನು ನಿರ್ಮೂಲಮಾಡಲಾಯಿತು. ಆಗ ಇಲಿಗಳ ಕಾಟ ಹೆಚ್ಚಿ, ಅದೇ ದ್ವೀಪದ ಕುಕ್ಸ್ ಪೆಟ್ರೆಲ್ ಎಂಬ ಹಕ್ಕಿಯ ಮರಿಗಳು ಉಳಿಯುವ ಪ್ರಮಾಣ ಹಿಂದಿಗಿಂತಲೂ ಕುಸಿಯಿತು. 2004ರಲ್ಲಿ ಆಕಾಶದಿಂದ ವಿಷ ಚೆಲ್ಲಿ ಇಲಿಗಳನ್ನೂ ಮುಗಿಸಿದರು. ಬಳಿಕ ಮರಿಗಳ ಸಂಖ್ಯೆ ಏರಿತು. ಸ್ಟಾರ್ಮ್ ಪೆಟ್ರೆಲ್ ಅದಕ್ಕೂ ಮೊದಲೇ, ಇಲಿ ಬೆಕ್ಕುಗಳ ನಡುವೆಯೇ, ಹೇಗೋ ಜೀವ ಹಿಡಿದುಕೊಂಡು ಬಂದಿತ್ತು.

ಇಲ್ಲಿ ಎರಡು ಪಕ್ಷಗಳು ಎದುರಾಗುತ್ತವೆ. ಹಕ್ಕಿ ಉಳಿಯಿತಾದ್ದರಿಂದ ಕೊಂದದ್ದು ದೋಷವೇ ಅಲ್ಲ ಎನ್ನುವುದು ಒಂದು ಪಕ್ಷ. ಇದು ಒಪ್ಪತಕ್ಕ ಮಾತಲ್ಲ. ಇಲಿಗೂ ಪ್ರಾಣದ ಮೇಲೆ ಆಸೆಯುಂಟು. ವಿಷವುಂಡ ಅದರ ಸಂಕಟ ಫಲಿತಾಂಶದಿಂದ ಇಲ್ಲವಾಗುವುದಿಲ್ಲ. ಹಿಂಸೆಯನ್ನು ಹಿಂಸೆಯೆಂದೇ ಕರೆಯಬೇಕು. ಏನೂ ಮಾಡದೆ ಸುಮ್ಮನಿರುವುದೇ ಅಹಿಂಸೆ ಎನ್ನುವುದು ಇನ್ನೊಂದು ಪಕ್ಷ. ಇದು ಕೇಳಲು ಸೌಮ್ಯವಾದರೂ ಮೊದಲಿನದಕ್ಕಿಂತ ಮೋಸದ್ದು. ಇಲಿಯನ್ನೂ ಬೆಕ್ಕನ್ನೂ ತಂದು ಇಳಿಸಿದವನು ಮನುಷ್ಯ. ಕಲ್ಲೆಸೆದ ಮೇಲೆ ಕೈಕಟ್ಟಿ ನಿಂತು, ‘ಈಗ ಬೀಳುತ್ತಿರುವುದು ಕಲ್ಲು, ಕೈಯಲ್ಲ’ ಎಂದು ವಾದಿಸಿದರೆ ಯಾವ ಧರ್ಮಾಸನ ಒಪ್ಪೀತು? ಬಿಲದೊಳಗೆ ಮರಿಗಳು ತಿನ್ನಿಸಿಕೊಂಡ ಪ್ರತಿ ಇರುಳೂ ಅದೇ ಕೈಯ ಲೆಕ್ಕಕ್ಕೆ ಸೇರತಕ್ಕದ್ದು.

ನಿಜವಾದ ಅಪರಾಧ ವಿಷ ಚೆಲ್ಲಿದ ದಿನದಲ್ಲಿ ಮಾತ್ರ ಇಲ್ಲ. ದೋಣಿಯಲ್ಲಿ ಏನೇನು ಬರುತ್ತಿದೆಯೆಂದು ನೋಡದೆ ದಡಕ್ಕೆ ಹಚ್ಚಿದ ದಿನದಲ್ಲೇ ಇದೆ. ಅಂದಿನ ಅಲಕ್ಷ್ಯದ ಸಾಲವನ್ನು ಮೊದಲು ಹಕ್ಕಿಗಳು ತೀರಿಸಿದವು, ಆಮೇಲೆ ಬೆಕ್ಕುಗಳು, ಕೊನೆಗೆ ಇಲಿಗಳು. ಸಾಲ ಮಾಡಿದವನು ತೀರಿಸಲಿಲ್ಲ. ಇಂದು ಆ ದ್ವೀಪದಲ್ಲಿ ಕಾಲಿಡಬೇಕಾದರೆ ಅನುಮತಿ ಬೇಕು. ಒಂದು ಇಲಿ, ಒಂದು ಇರುವೆ, ಒಂದು ಬೀಜ ಕೂಡ ಹೊಕ್ಕದಂತೆ ಚೀಲ, ಪಾದರಕ್ಷೆಗಳನ್ನು ತಪಾಸಣೆ ಮಾಡಿಸಿಕೊಳ್ಳಬೇಕು. ಹೆಜ್ಜೆಯಿಡುವ ಮುನ್ನ ನೆಲ ನೋಡಬೇಕೆಂಬ ಈರ್ಯಾಸಮಿತಿಯ ತಾತ್ಪರ್ಯ ಇದಕ್ಕಿಂತ ಬೇರೆಯಲ್ಲ. ಚೀಲ ಜಾಲಾಡುವ ಆ ಬೇಸರದ ಕೆಲಸವೇ ವಿಷಕ್ಕಿಂತಲೂ ಕಣ್ಣೀರಿಗಿಂತಲೂ ಅಹಿಂಸೆಗೆ ಹತ್ತಿರವಾದುದು.

ಶ್ರಾವಕರ ಮನೆತನಗಳೂ ಬಸದಿಗಳ ಆಡಳಿತ ಮಂಡಳಿಗಳೂ ಈ ಮಾತನ್ನು ದೂರದ ದೇಶದ್ದೆಂದು ತಳ್ಳಿಹಾಕುವಂತಿಲ್ಲ. ಇದೇ ಬಳಗದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ದಕ್ಷಿಣ ಧ್ರುವದ ಕಡೆಯಿಂದ ಅರಬ್ಬೀ ಸಮುದ್ರದವರೆಗೂ ಬರುತ್ತದೆ. ಕರ್ನಾಟಕದ ಕರಾವಳಿಯಾಚೆಯೂ ಹಾರಾಡುತ್ತದೆ. ಅದನ್ನು ಕಂಡವರೆಷ್ಟು ಮಂದಿ? ಪುಣ್ಯಕ್ಕೆಂದು ಪಂಜರದ ಹಕ್ಕಿಗಳನ್ನು ಕೊಂಡು ಬಿಡುವವರು, ಅವು ಎಲ್ಲಿಯವು, ಬಿಟ್ಟೆಡೆಯಲ್ಲಿ ಬದುಕಬಲ್ಲವೇ, ಕೊಟ್ಟ ಹಣದಿಂದ ಬೇಟೆಗಾರ ನಾಳೆ ಎಷ್ಟು ಬಲೆ ಒಡ್ಡುತ್ತಾನೆ ಎಂದು ಕೇಳಿದ್ದುಂಟೇ? ಬಸದಿಯ ಹಳೆಯ ಗೋಡೆ ಕೆಡವುವ ಮುನ್ನ, ಆವರಣದ ಮರ ಉರುಳಿಸುವ ಮುನ್ನ, ಕಲ್ಯಾಣಿಯ ಹೂಳೆತ್ತುವ ಮುನ್ನ, ಅಲ್ಲಿ ಯಾವ ಜೀವಗಳಿವೆಯೆಂದು ಒಂದು ವಾರ ಕುಳಿತು ನೋಡುವ ನಿಯಮ ಎಷ್ಟು ಮಂಡಳಿಗಳಲ್ಲಿದೆ? ಹಣ ಹೆಚ್ಚು ಬೇಡದ ಈ ವ್ರತಕ್ಕೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ ಮಾತ್ರ.

ನೂರೈವತ್ತು ವರ್ಷ ‘ಇಲ್ಲ’ವಾಗಿದ್ದ ಹಕ್ಕಿ ಒಂದು ದಿನ ದೋಣಿಯೊಳಕ್ಕೆ ತಾನೇ ಬಂದಿತು. ಎಲ್ಲ ಜೀವಗಳೂ ಹೀಗೆ ಬಂದು ತಮ್ಮ ಇರವನ್ನು ತಿಳಿಸಲಾರವು. ಅವು ಇರುವಲ್ಲಿಗೆ ಹೋಗಿ ನೋಡುವ ಹೊಣೆ ದಯೆಯ ಮಾತನಾಡುವವರದು.